ಪ್ರತಿಕ್ರಿಯೆ: ಮಗಳ ಚಾರ್ಟ್‌ಗೆ ಅಮೆರಿಕದ ಅಂತರ್ಯುದ್ಧದ ಯಾವ ಬಾವುಟ, ಏನು ಅರ್ಥ?

ಮಗಳ ಚಾರ್ಟ್‌ಗೆ ಯಾವ ಬಾವುಟ ಬಿಡಿಸಬೇಕು, ಅದರ ಅರ್ಥ ಏನು ಅಂತ ಕೇಳಿದ್ದೀರಿ; ನೆರೆಯವರು ಅದನ್ನು 'ಪರಂಪರೆ' ಅಂದರು ಅಂತಲೂ ಬರೆದಿದ್ದೀರಿ. ಎರಡು ಬಾವುಟ ಬೆರೆತಿರುವುದೇ ಗೊಂದಲಕ್ಕೆ ಕಾರಣ ಇರಬೇಕು. ಕೆಂಪು ಬಟ್ಟೆಯ ಮೇಲೆ ಒಂದಕ್ಕೊಂದು ಅಡ್ಡ ಹಾಯುವ ಎರಡು ನೀಲಿ ಓರೆಪಟ್ಟಿ, 13 ನಕ್ಷತ್ರ ಇರುವುದು ದಕ್ಷಿಣದ, ಅಂದರೆ ಅಮೆರಿಕದಿಂದ ಬೇರೆಯಾದ ರಾಜ್ಯಗಳ, ಸೈನ್ಯದ್ದು. ಅವರ ಮೊದಲ ರಾಷ್ಟ್ರಧ್ವಜ ಬೇರೆಯೇ. ಎರಡನ್ನೂ ಬಿಡಿಸಲಿ.

ಆಮೇಲೆ ಆ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿಯ 1861ರ ಘೋಷಣೆ ಓದಿ. ಬೇರೆಯಾಗಲು ಗುಲಾಮಗಿರಿಯೇ ಕಾರಣ ಅಂತ ಅವರೇ ನೇರವಾಗಿ ಬರೆದಿದ್ದಾರೆ.

ಕೊನೆಗೆ, ಆ ಸೈನ್ಯದ ಬಾವುಟ ಮತ್ತೆ ಯಾವಾಗ ಎದ್ದಿತು ಅಂತ ಬರೆಯಲಿ. ಇದನ್ನು ಮಾತ್ರ ಬಿಡಬೇಡಿ. 1948ರಲ್ಲಿ ಕಪ್ಪುಜನರ ಹಕ್ಕುಗಳನ್ನು ವಿರೋಧಿಸಿದ ಡಿಕ್ಸಿಕ್ರ್ಯಾಟರು (ಡೆಮಾಕ್ರಟಿಕ್ ಪಕ್ಷದಿಂದ ಸಿಡಿದ ದಕ್ಷಿಣದವರು) ಹಿಡಿದರು. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜಕ್ಕೆ ಸೇರಿಸಿತು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಕೂರಿಸುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿ ಆಗ ಎರಡೇ ವರ್ಷ ಆಗಿತ್ತು.

ನೆರೆಯವರು 'ಪರಂಪರೆ' ಅಂದರಲ್ವಾ? ಯುದ್ಧದಲ್ಲಿ ಸತ್ತ ಹಿರಿಯರನ್ನು ನೆನೆಯುವವರೂ ಇದ್ದಾರೆ. ಅವರ ಮನಸ್ಸಿನಲ್ಲಿರುವುದು ಬಾವುಟ ನೋಡಿದರೆ ಗೊತ್ತಾಗದು, ಕೇಳಿಯೇ ತಿಳಿಯಬೇಕು. ಚಾರ್ಟ್‌ನಲ್ಲಿ ಅವರ ಮಾತಿಗೂ ಒಂದು ಸಾಲು ಕೊಡಿ, ಇಸವಿಗಳ ಪಕ್ಕದಲ್ಲೇ.