ಇದು ಅಮೆರಿಕಾನೇ ಮಾರಾಯ

"ಪಾಯಿಂಟ್ ರಾಬರ್ಟ್ಸ್ ಕೆನಡಾದಲ್ಲಲ್ವಾ, ಆ ಕೊಂಪೇಲಿ ಎಂತ ಮಾಡ್ತೀ, ಸಿಯಾಟಲ್‌ಗೆ ಬಂದ್ಬಿಡು" ಅಂದ್ಯಲ್ಲ, ಇದು ವಾಷಿಂಗ್ಟನ್ ರಾಜ್ಯವೇ. 1846ರಲ್ಲಿ ಬ್ರಿಟಿಷರೂ ಅಮೆರಿಕದವರೂ ಒಪ್ಪಂದ ಮಾಡಿ 49ನೇ ಅಕ್ಷಾಂಶದಲ್ಲಿ ಗೆರೆ ಎಳೆದ್ರು, ಸಮುದ್ರಕ್ಕೆ ಚಾಚಿದ ಈ ತುಂಡು ನೆಲ ಸೆರಗಿನ ತುದಿ ಹಾಗೆ ಗೆರೆಯ ಈಚೆ ಉಳೀತು. ಇರೋದು ಒಂದು ಸಾವಿರದ ಇನ್ನೂರು ಜನ. ನಮ್ಮದೇ ದೇಶದ ಬ್ಲೇನ್‌ಗೆ ಕಾರಲ್ಲಿ ಹೋಗ್ಬೇಕಾದ್ರೂ ಕೆನಡಾ ದಾಟ್ಬೇಕು, ಹೈಸ್ಕೂಲ್ ಮಕ್ಕಳು ಹೋಗ್ತಾ ಎರಡು ಬರ್ತಾ ಎರಡು ಸಲ ಗಡಿ ದಾಟ್ತಾರೆ, ಬಸ್ಸಲ್ಲಿ ನಿದ್ದೆ ಹೊಡ್ಕೊಂಡೇ. ನೀರು ಕೆನಡಾದ್ದು, ಪೆಟ್ರೋಲ್ ಅಮೆರಿಕದ ಗ್ಯಾಲನ್ ಅಲ್ಲ, ಲೀಟರ್ ಲೆಕ್ಕ. ಅದೆಲ್ಲ ಅಭ್ಯಾಸ ಆಗ್ತದೆ ಬಿಡು.

ಆಗದ್ದು ಕರಿಬೇವು. ನಗ್ಬೇಡ. ಕೆನಡಾದ ಸರ್ರೆ ಇಲ್ಲೇ ಹತ್ರ, ಅಲ್ಲಿ ಇಂಡಿಯನ್ ಅಂಗಡಿಗಳಲ್ಲಿ ಬೇಕಾದಷ್ಟು ಉಂಟು, ಆದ್ರೆ ಹಸಿ ಸೊಪ್ಪು ಗಡಿ ಈಚೆ ತರೋ ಹಾಗಿಲ್ಲ, ಅದರಲ್ಲಿ ಕೂರೋ ಒಂದು ಸಣ್ಣ ಕೀಟ ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ಹರಡ್ತದೆ, ಫ್ಲೋರಿಡಾದ ತೋಟಗಳು ಆ ರೋಗದಿಂದ್ಲೇ ನೆಲ ಕಚ್ಚಿದ್ದು. ಸರಿ, ಒಪ್ಪಿದೆ. ಸಿಯಾಟಲ್ ಕಡೆ ಅಂಗಡೀಲಿ ತಗೊಂಡ ಸೊಪ್ಪಿನ ಕಥೆ ಎಂತ ಹಾಗಾದ್ರೆ? ಮನೆಗೆ ಬರೋ ದಾರೀಲಿ ಅದು ಕೆನಡಾ ಹೊಕ್ಕು ಹೊರಡ್ತದಲ್ಲ, ಅಷ್ಟಕ್ಕೇ ಗಡಿ ಅಧಿಕಾರಿಗಳಿಗೆ ಅದರ ಮೇಲೆ ಅನುಮಾನ. "ಎಲ್ಲಿಂದ ತಂದ್ರಿ?" "ಅಮೆರಿಕದಿಂದ." "ಈಗ ಬಂದದ್ದು ಕೆನಡಾದಿಂದ ಅಲ್ವಾ?" ಬಿಲ್ ತೋರಿಸ್ಬೇಕು, ಬಿಲ್ಲಲ್ಲಿ 'ವೆಜ್' ಅಂತ ಮಾತ್ರ ಇರ್ತದೆ, ಒಬ್ಬ ಬಿಡ್ತಾನೆ, ಇನ್ನೊಬ್ಬ ಕಸದ ಡಬ್ಬಿಗೆ ಹಾಕ್ತಾನೆ. ಅಡಗಿಸಿ ತಂದು ಸಿಕ್ಕಿಬಿದ್ರೆ ದಂಡ ಉಂಟು, ಗಡಿ ಬೇಗ ದಾಟಿಸೋ ನೆಕ್ಸಸ್ ಕಾರ್ಡೂ ಹೋಗ್ಬಹುದು, ಅದಿಲ್ದೆ ಇಲ್ಲಿ ಬದುಕೋದು ಕಷ್ಟ. ಕುಂಡದಲ್ಲಿ ಒಂದು ಗಿಡ ಇಟ್ಟಿದ್ದೇನೆ, ನವೆಂಬರ್ ಬಂದ್ರೆ ಎಲೆ ಪೂರಾ ಉದುರಿ ಬರೀ ಕಡ್ಡಿ. ಒಗ್ಗರಣೆಗೆ ಸಾಸಿವೆ ಇಂಗಲ್ಲೇ ಸಮಾಧಾನ.

ಇಷ್ಟೆಲ್ಲ ಯಾಕೆ ಅಂತೀಯ. ನಾನು ಕಾಸರಗೋಡಿನವ, 1956ರಲ್ಲಿ ಅಜ್ಜ ಕೂತಲ್ಲೇ ಕೂತಿದ್ರು, ರಾಜ್ಯ ಬದಲಾಯ್ತು, ಬೆಂಗಳೂರಲ್ಲಿ ನಂಗೆ "ಕನ್ನಡ ಚೆನ್ನಾಗಿ ಕಲ್ತಿದ್ದೀರಿ" ಅಂತ ಸರ್ಟಿಫಿಕೇಟ್ ಬೇರೆ. ಅದನ್ನು ಕೇಳಿ ಬೆಳೆದವನಿಗೆ ಇದು ಎಂತ ದೊಡ್ಡದು? 2020ರಲ್ಲಿ ಗಡಿ ಮುಚ್ಚಿ ಕೆನಡಾದ ಗಿರಾಕಿಗಳಿಲ್ದೆ ಅಂಗಡಿಗಳು ಭಣಗುಟ್ಟಿದವು, ಕೊನೆಗೆ ಕೆನಡಾ ಮುಟ್ಟದೆ ಅಮೆರಿಕದ್ದೇ ಬೆಲ್ಲಿಂಗ್‌ಹ್ಯಾಮ್‌ಗೆ ಬೋಟ್ ಬಿಟ್ರು, ಆಗ್ಲೂ ನಾವಿಲ್ಲೇ ಇದ್ದೆವು. ಬರೋದಾದ್ರೆ ಮೊದಲು ಕೆನಡಾ ವೀಸಾ ಮಾಡಿಸ್ಕೋ, ಸೊಪ್ಪು ತರೋದಾದ್ರೆ ಕರಿಬೇವು ಅಂತ ಹೆಸರು ಬರೆದ ಬಿಲ್ಲೇ ಕೇಳಿ ತಗೋ.