6/6 ಓದುವ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲವೇಕೆ?

ಪ್ರಶ್ನೆ: ಆಯಿಗೆ 66 ವರ್ಷ. ಗ್ಲಾಕೋಮಾಕ್ಕೆ ಡ್ರಾಪ್ಸ್ ಬಿಡುತ್ತಿದ್ದೇವೆ. ಕನ್ನಡಕ ಹಾಕಿದರೆ 6/6 ಓದುತ್ತಾಳೆ. ಆದರೂ ಮಳೆಗಾಲದ ಸಂಜೆ ಅಂಗಳದ ಚಿರೆಕಲ್ಲಿನ ಮೆಟ್ಟಿಲಲ್ಲಿ ಎಡವುತ್ತಾಳೆ. ಡಾಕ್ಟರು ಕಾಂಟ್ರಾಸ್ಟ್ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಅದು ಹೇಗಿರುತ್ತದೆ? ಆಯಿಗೆ ಇಂಗ್ಲಿಷ್ ಅಕ್ಷರ ಬಾರದು. ಮೊಬೈಲಿನಲ್ಲೇ ಮಾಡಬಹುದೇ?
— ಓದುಗರು, ಶಿರಸಿ ತಾಲೂಕು

ಉತ್ತರ: ಅಚ್ಚಗಪ್ಪು ಅಕ್ಷರ ಎಷ್ಟು ಚಿಕ್ಕದಾದರೂ ಕಾಣುತ್ತದೆ ಎಂಬುದನ್ನು ಮಾತ್ರ 6/6 ಹೇಳುತ್ತದೆ. ನೆನೆದು ಹಾವಸೆಗಟ್ಟಿದ ಮೆಟ್ಟಿಲಿನ ಅಂಚು ಚಿಕ್ಕದೇನಲ್ಲ. ಆದರೆ ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅಂಥ ಮಸುಕು ವ್ಯತ್ಯಾಸ ಗುರುತಿಸುವ ಶಕ್ತಿ, ಗ್ಲಾಕೋಮಾದಲ್ಲಿ ದೃಷ್ಟಿನರದ ತಂತುಗಳು ನಶಿಸಿದಂತೆ ಕುಗ್ಗುತ್ತದೆ. ಕಾಂಟ್ರಾಸ್ಟ್ ಪರೀಕ್ಷೆ ಅಳೆಯುವುದು ಈ ಶಕ್ತಿಯನ್ನೇ.

ಹೆಚ್ಚು ಬಳಕೆಯಲ್ಲಿರುವುದು 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಚಾರ್ಟ್. ಅಕ್ಷರಗಳೆಲ್ಲ ಒಂದೇ ಗಾತ್ರ, ಸುಮಾರು 5 ಸೆಂ.ಮೀ. ಮೂರು ಮೂರು ಅಕ್ಷರಗಳ 16 ಗುಂಪು. ಪ್ರತಿ ಗುಂಪಿಗೂ ಬಣ್ಣ ಲಾಗ್ ಎಂಬ ಮಾನದಲ್ಲಿ 0.15ರಷ್ಟು, ಅಂದರೆ ಸುಮಾರು ಶೇ. 30ರಷ್ಟು ತೆಳುವಾಗುತ್ತದೆ. 1 ಮೀಟರ್ ದೂರದಲ್ಲಿ ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿ ಓದಿಸುತ್ತಾರೆ. ಮೂರರಲ್ಲಿ ಎರಡು ಸರಿ ಹೇಳಿದ ಕೊನೆಯ ಗುಂಪಿನ ಲಾಗ್ ಸಂಖ್ಯೆಯೇ ಅಂಕ. 1.50 ಎಂದರೆ ಬಿಳಿ ಹಿನ್ನೆಲೆಗಿಂತ ಶೇ. 3ರಷ್ಟು ಮಾತ್ರ ಕಪ್ಪಾದ ಅಕ್ಷರದವರೆಗೆ ಕಂಡಿತು. ಅದಕ್ಕಿಂತ ಕಡಿಮೆ ಬಂದರೆ ಗಮನಿಸಬೇಕು. 1.00ಕ್ಕಿಂತ ಇಳಿದರೆ ಓಡಾಟಕ್ಕೇ ತೊಡಕು.

ಅಕ್ಷರ ಬಾರದಿದ್ದರೆ ಅಡ್ಡಿಯಿಲ್ಲ. ಅವೇ ಅಕ್ಷರಗಳ ಕಾರ್ಡನ್ನು ಕೈಗೆ ಕೊಟ್ಟು, ಹೋಲುವುದನ್ನು ತೋರಿಸಲು ಹೇಳಬಹುದು. ಚಿತ್ರಗಳಿರುವ ಚಾರ್ಟೂ ಇದೆ.

ಅಂಕ ಕೆಡುವುದು ಹೆಚ್ಚಾಗಿ ಆತುರದಿಂದ. ಮಸುಕು ಅಕ್ಷರ ಮೂಡಿ ಬರಲು 20 ಸೆಕೆಂಡಾದರೂ ಬೇಕು. "ಕಾಣುವುದಿಲ್ಲ" ಎಂದೊಡನೆ ನಿಲ್ಲಿಸದೆ, ಊಹಿಸಿಯಾದರೂ ಹೇಳಲು ಒತ್ತಾಯಿಸಬೇಕು. ಚಾರ್ಟಿನ ಮೇಲೆ ನೆರಳು, ಟ್ಯೂಬ್‌ಲೈಟಿನ ಹೊಳಪು, ಬೆರಳ ಗುರುತು ಇರಕೂಡದು. ಆಯಿ ಮುಂದಕ್ಕೆ ಬಾಗಿದರೆ ದೂರ ತಪ್ಪುತ್ತದೆ. ಪಾಪೆ ಹಿಗ್ಗಿಸುವ ಹನಿ ಬಿಡುವ ಮೊದಲೇ ಪರೀಕ್ಷೆ ಆಗಲಿ. ಕಣ್ಣಿನ ಪೊರೆಯೂ ಅಂಕ ಇಳಿಸುತ್ತದೆ, ಎಲ್ಲವನ್ನೂ ಗ್ಲಾಕೋಮಾದ ತಲೆಗೆ ಕಟ್ಟಬೇಡಿ. ಮುಂದಿನ ಸಲ 0.15 ಏರಿಳಿತ ಕಂಡರೆ ಗಾಬರಿ ಬೇಡ, 0.30 ಇಳಿದರೆ ಡಾಕ್ಟರನ್ನು ಕೇಳಿ.

ಮೊಬೈಲ್ ನಂಬಬೇಡಿ. ಪರದೆಯ ಬೆಳಕು ತಾನೇ ಏರಿಳಿಯುತ್ತದೆ, ತೀರಾ ತೆಳು ಬೂದುಬಣ್ಣ ಅದರಲ್ಲಿ ಕರಾರುವಾಕ್ಕಾಗಿ ಮೂಡುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು: ಅಂಕ ಚೆನ್ನಾಗಿ ಬಂತೆಂದು ಡ್ರಾಪ್ಸ್ ನಿಲ್ಲಿಸಬೇಡಿ. ಈ ಪರೀಕ್ಷೆ ನೋಟದ ನಡುಭಾಗವನ್ನಷ್ಟೇ ಅಳೆಯುತ್ತದೆ. ಗ್ಲಾಕೋಮಾ ಆರಂಭದಲ್ಲಿ ಸಾಮಾನ್ಯವಾಗಿ ತಿನ್ನುವುದು ಸುತ್ತಲಿನ ನೋಟವನ್ನು. ಕಣ್ಣಿನ ಒತ್ತಡದ ಅಳತೆ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್, ದೃಷ್ಟಿನರದ ಸ್ಕ್ಯಾನ್ ಡಾಕ್ಟರು ಹೇಳಿದ ಹೊತ್ತಿಗೆ ಆಗಲೇಬೇಕು. ಫೀಲ್ಡ್ ವರದಿಯಲ್ಲಿ ಕೆಳಭಾಗ ಕಪ್ಪಾಗಿದೆಯೇ ಎಂದೂ ಕೇಳಿ. ಎಡವಲು ಅದೂ ಕಾರಣವಿರಬಹುದು.

ಪರೀಕ್ಷೆಯವರೆಗೆ ಕಾಯದೆ ಹಾವಸೆ ಕೆರೆದು, ಪ್ರತಿ ಮೆಟ್ಟಿಲಿನ ಅಂಚಿಗೆ 5 ಸೆಂ.ಮೀ. ಅಗಲದ ಬಿಳಿ ಇಲ್ಲವೇ ಹಳದಿ ಪಟ್ಟಿ ಬಳಿಯಿರಿ. ಜಾರದಂತೆ ಬಣ್ಣಕ್ಕೆ ನುಣ್ಣನೆ ಮರಳು ಬೆರೆಸಿ. ದೀಪ ಕಣ್ಣಿಗೆ ಹೊಡೆಯದೆ ಮೆಟ್ಟಿಲ ಮೇಲೆ ಬೀಳಲಿ.