ಲೀ ದೊಡ್ಡಾಂವೋ, ಗ್ರಾಂಟ್ ದೊಡ್ಡಾಂವೋ?

ಪ್ರಶ್ನೆ: ಸರ, ಅಮೆರಿಕಾದ ಸಿವಿಲ್ ವಾರ್ ಬಗ್ಗೆ ನಮ್ಮ ರೂಮಿನ್ಯಾಗ ದೊಡ್ಡ ವಾದ ನಡದೈತ್ರಿ. ದಕ್ಷಿಣದ ರಾಬರ್ಟ್ ಲೀನ ಖರೇ ಜನರಲ್, ಉತ್ತರದ ಗ್ರಾಂಟ್ ಬರೇ ಮಂದಿ ಜಾಸ್ತಿ ಇತ್ತಂತ ಗೆದ್ದ ಅಂತಾನ ನಮ್ಮ ದೋಸ್ತ. ಹೌದೇನ್ರಿ? ಇಬ್ರ ಸೈನ್ಯ ಅದಲು ಬದಲು ಆಗಿದ್ರ?
– ಓದುಗರೊಬ್ಬರು, ಗದಗ

ಉತ್ತರ: ಅರ್ಧಾ ಖರೇ ಐತ್ರಿ. ಮಂದಿ, ರೈಲು, ಕಾರ್ಖಾನಿ ಎಲ್ಲಾ ಉತ್ತರದ ಕಡೆನ ಜಾಸ್ತಿ ಇದ್ವು, ಆದ್ರ ಗ್ರಾಂಟ್‌ಗಿಂತ ಮೊದಲ ಲೀ ಎದುರು ನಿಂತ ಮೆಕ್ಲೆಲನ್, ಬರ್ನ್‌ಸೈಡ್, ಹೂಕರ್ ಇವರಿಗೂ ಇದ್ವಲ್ರಿ, ಅವರ‍್ಯಾಕ ಗೆಲ್ಲಲಿಲ್ಲ? 1863ರ ಮೇದಾಗ ಚಾನ್ಸಲರ್ಸ್‌ವಿಲ್‌ನ್ಯಾಗ ಹೂಕರ್ ಕಡೆ ಹೆಚ್ಚುಕಡಿಮಿ ಎರಡು ಪಟ್ಟು ಮಂದಿ, ಆದ್ರೂ ಲೀ ಇದ್ದ ಸೈನ್ಯಾನೂ ಒಡದು, ತನ್ನ ಕೈಕೆಳಗಿನ ಜನರಲ್ ಜಾಕ್ಸನ್‌ನ ಸುತ್ತು ಹಾಕಿಸಿ ಕಳಿಸಿ ಬಾಜೂದಿಂದ ಹೊಡಿಸಿದ. ಅದು ಧೈರ್ಯ, ಅದರಾಗ ವಾದ ಇಲ್ಲ.

ಈಗ ಅದ ಹೊತ್ತಿನ್ಯಾಗ ಗ್ರಾಂಟ್ ಏನ್ ಮಾಡಾಕತ್ತಿದ್ದ ನೋಡ್ರಿ. ವಿಕ್ಸ್‌ಬರ್ಗ್ ಅಂದ್ರ ಮಿಸಿಸಿಪ್ಪಿ ಹೊಳಿ ದಂಡಿಗೆ ದಿಬ್ಬದ ಮ್ಯಾಲೆ ಕುಂತ, ದಕ್ಷಿಣದವರ ಕೈಯಾಗಿದ್ದ ಊರು, ಹೊಳಿ ಕಡೆ ಬರೇ ತೋಪು, ಇಂವಾ ರಾತ್ರಿ ಹಡಗ ತೋಪಿನ ಮುಂದನ ದಾಟಿಸಿ, ದಕ್ಷಿಣಕ್ಕ ಹೋಗಿ ಹೊಳಿ ದಾಟಿ, ಮೊದಲ ಅದರ ಹಿಂದಿದ್ದ ಜಾಕ್ಸನ್ ಹಿಡದು (ಇದು ಊರು, ಮ್ಯಾಲಿನಾಂವ ಮನಷ್ಯಾ) ಆಮ್ಯಾಲೆ ಹೊಳ್ಳಿ ಬಂದು ವಿಕ್ಸ್‌ಬರ್ಗ್ ಮುತ್ತಿದ. 47 ದಿನ! ಜುಲೈ 4ಕ್ಕ ಸುಮಾರು 29 ಸಾವಿರ ಮಂದಿ ಶರಣು. ಇದು ಬರೇ ಮಂದಿ ಬಲದ ಆಟ ಅನ್ನಾಕ ಬರ್ತದೇನ್ರಿ?

ವಿಕ್ಸ್‌ಬರ್ಗ್ ಉಳಸಾಕ ಸೈನ್ಯ ಕಳಸೂಣು ಅಂತ ದಕ್ಷಿಣದ ರಾಜಧಾನಿ ರಿಚ್ಮಂಡ್‌ನ್ಯಾಗ ಮಾತು ಬಂದಾಗ ಬ್ಯಾಡ ಅಂದಾಂವ ಲೀನ. ತನ್ನ ರಾಜ್ಯ ವರ್ಜೀನಿಯಾ ಬಿಟ್ರ ಅಂವಗ ಬ್ಯಾರೆ ಕಾಣತಿರಲಿಲ್ಲ ಅಂತ ನನಗನಸ್ತದ. ಅದರ ಬದಲು ಉತ್ತರದವರ ಪೆನ್ಸಿಲ್ವೇನಿಯಾಕ್ಕ ಹೋದ, ಜುಲೈ 3ಕ್ಕ ಗೆಟಿಸ್‌ಬರ್ಗ್‌ನ್ಯಾಗ ಬಯಲಾಗಿಂದ ತೋಪಿನ ಬಾಯಿಗೆ ಮಂದೀನ ನಡಿಸಿದ, ಹೋದವರಾಗ ಹತ್ರ ಹತ್ರ ಅರ್ಧಾ ಹೊಳ್ಳಿ ಬರಲಿಲ್ಲ.

ಗ್ರಾಂಟ್ ಕಟುಕ ಅಂತಾರ, 1864ರಾಗ ಕೋಲ್ಡ್ ಹಾರ್ಬರ್‌ನ್ಯಾಗ ಲೀ ಸೈನ್ಯದ ಮ್ಯಾಲೆ ಮಾಡಿದ ಹಲ್ಲಾ ತಪ್ಪಂತ ಅಂವನ ಆತ್ಮಕತಿಯಾಗ ಬರದಾನ. ಆದ್ರ ಒಟ್ಟು ಲೆಕ್ಕ ಹಾಕಿದ್ರ, ತನ್ನ ಸೈನ್ಯದಾಗ ಹೆಚ್ಚು ಪಾಲು ಮಂದಿ ಕಳಕೊಂಡಾಂವ ಲೀ.

ಅದಲು ಬದಲು ಪ್ರಶ್ನಿಗೆ ಉತ್ತರ ಯಾರ ಕಡೇನೂ ಇಲ್ರಿ. ಒಂದು ಫರಕು ಮಾತ್ರ ನಿಮ್ಮ ದೋಸ್ತಗ ಹೇಳ್ರಿ, ಲೀಗೆ ಎಲ್ಲಾ ಸೈನ್ಯದ ಅಧಿಕಾರ ಸಿಕ್ಕಿದ್ದು 1865ರಾಗ, ಅಷ್ಟೊತ್ತಿಗೆ ಎಲ್ಲಾ ಮುಗದಿತ್ತು. ಗ್ರಾಂಟ್‌ಗ 1864ರ ಮಾರ್ಚ್‌ನ್ಯಾಗನ ಸಿಕ್ತು, ಎರಡ ತಿಂಗಳದಾಗ ಅಂವನ ಜನರಲ್ ಶರ್ಮನ್ ದಕ್ಷಿಣದ ಅಟ್ಲಾಂಟಾ ಊರಿನ ಕಡೆ, ತಾನು ಲೀ ಕಡೆ, ಒಮ್ಮೆಲೇ ಹೊಂಟ.